ಕಾಕುವಿನ ಮೂಗು

ಕಾಕುವಿನ ಮೂಗಿಗೆ ಎರಡೂ ಕಡೆ ತೂತು. ಎಡಗಡೆ ಕೆಂಪು ಹರಳಿನ ಮೂಗುಬಟ್ಟು, ಬಲಗಡೆ ಬರೀ ಬೇವಿನ ಕಡ್ಡಿ. ಬಲಗಡೆಯ ಬಂಗಾರದ್ದು ಎಂದೋ ಮೆಂತ್ಯದ ಮಡಿಯಲ್ಲಿ ಕಳಚಿ ಬಿದ್ದು ಹೋಗಿತ್ತಂತೆ. ತೂತು ಮುಚ್ಚಬಾರದೆಂದು ಕಡ್ಡಿ ಸಿಕ್ಕಿಸಿಕೊಂಡವಳು ಹಾಗೇ ಬಿಟ್ಟಿದ್ದಳು. ಆ ಮೂಗು ಸುಮ್ಮನಿದ್ದದ್ದನ್ನು ನಾನು ಕಂಡವಳಲ್ಲ. ನಾವು ನೀವು ಕಣ್ಣು ಬಿಟ್ಟು ನೋಡಿದರೆ ಕಾಕು ಮೂಗು ಅರಳಿಸಿ ನೋಡುತ್ತಿದ್ದಳು. ನಡುಗೋಡೆಯ ಆಚೆ ನಿಂತು, "ಸುರೇಬಾನದಾಕಿ, ನಿನ್ನ ಬ್ಯಾಳಿ ತಳಾ ಹಿಡ್ಯಾಕತ್ತೈತಿ ನೋಡು" ಅನ್ನುವಳು. ನಾನು ಒಳಗೆ ಓಡಿ ಮುಚ್ಚಳ ತೆಗೆದರೆ ಬೇಳೆ ಇನ್ನೇನು ಸೀಯುವುದರಲ್ಲಿ ಇರುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ನನ್ನ ಒಲೆಯ ಮೇಲಿನ ಸುದ್ದಿ ನನಗಿಂತ ಮೊದಲು ಆಚೆ ಮನೆಗೆ ಗೊತ್ತಾಗುವುದೆಂದರೇನು!

ಸುರೇಬಾನ ನನ್ನ ತವರು, ರಾಮದುರ್ಗದ ಕಡೆ. ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ದಿನದಿಂದ ಕಾಕು ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. ಹಾಗೆ ನೋಡಿದರೆ ಆಕೆಯೂ ನನಗೆ ಸಂಬಂಧದಲ್ಲಿ ಕಾಕು ಅಲ್ಲ, ಬಾಜೂ ಮನೆಯವಳು. ಆಕೆಯ ಗಂಡ ಓಣಿಗೆಲ್ಲ ಕಾಕಾ, ಹಾಗಾಗಿ ಆಕೆ ಓಣಿಗೆಲ್ಲ ಕಾಕು. ಕಾಕಾ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಯಂತ್ರ ಕೆಟ್ಟರೆ ಗಿರಣಿಯವರು ಕರೆಯುವರು, ಇವರು ಸಾವಕಾಶ ಹೋಗುವರು. ಒಬ್ಬಳೇ ಮಗಳು, ಕಿತ್ತೂರಿಗೆ ಕೊಟ್ಟಿದ್ದರು.

ಕಾಕಾ ಎಷ್ಟು ಸಾವಕಾಶವೋ ಕಾಕು ಅಷ್ಟು ಗಡಿಬಿಡಿ. ಆಕೆ ಕೂಡುವುದೆಂದರೆ ಕುಕ್ಕರಗಾಲಲ್ಲಿ, ಅದೂ ಕಳೆ ಕೀಳುವಾಗ. ಊಟವನ್ನೂ ಅರ್ಧ ನಿಂತೇ ಮುಗಿಸುವಳು. ಮೂಲಂಗಿ ಬೀಜ ಹಾಕಿದ ವಾರಕ್ಕೇ ಮಣ್ಣು ಕೆದರಿ, ಕೆಳಗೆ ಗಡ್ಡೆ ಬಂದಿದೆಯೋ ಎಂದು ನೋಡಿ, ಮತ್ತೆ ಮುಚ್ಚುವಳು. ಕಾಕಾ ಕಟ್ಟೆಯ ಮೇಲೆ ಕುಳಿತು ನಗುವರು. ಅದು ಬೆಳೆಯಬೇಕೆಂದರೂ ಈಕೆ ಬಿಡುವುದಿಲ್ಲ ಎಂದು ನನ್ನ ಮುಂದೆ ಚಾಡಿ ಹೇಳುವರು. ನಾನೂ ಕಾಲಿಗೆ ಗಾಲಿ ಕಟ್ಟಿಕೊಂಡು ಹುಟ್ಟಿದವಳೇ. ಹೀಗಾಗಿ ನಮ್ಮಿಬ್ಬರಿಗೆ ಕೂಡಿತು.

ನಮ್ಮ ತವರಲ್ಲಿ ಹಿತ್ತಿಲೆಂದರೆ ಸೌದೆ ಒಟ್ಟುವ ಜಾಗ. ಕುಡಿಯುವ ನೀರಿಗೇ ಕೊಡ ಸರದಿಗೆ ಇಡುವ ಊರಲ್ಲಿ ಕಾಯಿಪಲ್ಯಕ್ಕೆ ನೀರು ಯಾರು ಹಾಕಬೇಕು? ಕಾಕು ನನಗೆ ಪಾತ್ರೆ ತೊಳೆದ ನೀರಲ್ಲಿ ಹಿತ್ತಿಲು ಮಾಡುವುದನ್ನು ಕಲಿಸಿದಳು. ಶಿವರಾತ್ರಿ ಕಳೆದು ಬಿಸಿಲು ಬೆನ್ನಿಗೆ ಹತ್ತುವ ಹೊತ್ತಿಗೆ ಆಕೆಯ ಹಿತ್ತಿಲಲ್ಲಿ ಏನಿಲ್ಲ! ಮುಳ್ಳು ಬದನೆ, ಚವಳಿಕಾಯಿ, ಮೆಂತ್ಯ, ಸಬ್ಬಸಿಗೆ, ಎಳೆ ಸೌತೆ, ಉಳ್ಳಾಗಡ್ಡಿ ತಪ್ಪಲು. ಹೊಲಗಳೆಲ್ಲ ಬೋಳಾಗಿ ಊರಿಗೆ ಊರೇ ಬೂದಿ ಬಣ್ಣಕ್ಕೆ ತಿರುಗಿದಾಗ ಇದೊಂದು ಹಿತ್ತಿಲು ಹಸಿರು. ಮಧ್ಯಾಹ್ನ ಬಿಸಿ ರೊಟ್ಟಿ ಬಡಿದು, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಗಟ್ಟಿ ಮೊಸರು ಇಟ್ಟುಕೊಂಡು, ಮಡಿಯಿಂದ ಆಗಷ್ಟೇ ಕಿತ್ತ ಮೆಂತ್ಯವನ್ನು ಹಸಿಹಸಿಯಾಗಿ ಕಚ್ಚುತ್ತ ತಿನ್ನುತ್ತಿದ್ದೆವು. ಆ ಊಟದ ಸುಖ ನನಗೆ ಯಾವ ಮದುವೆಮನೆಯ ಪಂಕ್ತಿಯಲ್ಲೂ ಸಿಕ್ಕಿಲ್ಲ. ತಿನ್ನುವ ಮೊದಲು ಕಾಕು ಪ್ರತಿ ಎಲೆಯನ್ನೂ ಬೆರಳಲ್ಲಿ ಹೊಸಕಿ ಮೂಸಲೇಬೇಕು. "ಕಣ್ಣು ಸುಳ್ಳ ಹೇಳತೈತಿ, ಬಾಯಿ ಅಂತೂ ಹೇಳೇ ಹೇಳತೈತಿ. ಮೂಗು ಸುಳ್ಳ ಹೇಳೂದಿಲ್ಲವ್ವಾ" ಅನ್ನುವಳು.

ಇನ್ನು ಸಾಬೂನು. ಹೆಣ್ಣುಮಕ್ಕಳ ಸಂಘದಲ್ಲಿ ಯಾರೋ ಬಂದು ಕಲಿಸಿ ಹೋಗಿದ್ದರು. ಕಲಿತವರೆಲ್ಲ ಒಂದು ಸಲ ಮಾಡಿ ಬಿಟ್ಟರು, ಕಾಕು ಹಿಡಿದುಬಿಟ್ಟಳು. ಕೊಬ್ಬರಿ ಎಣ್ಣೆ, ಕುಸುಬೆ ಎಣ್ಣೆ, ಸ್ವಲ್ಪ ಹೊಂಗೆ ಎಣ್ಣೆ. ಮೂತಿಗೆ ಸೆರಗು ಕಟ್ಟಿಕೊಂಡು ಕಾಸ್ಟಿಕ್ ಸೋಡಾವನ್ನು ನೀರಿಗೆ ಸುರಿದು, ಆರಿದ ಮೇಲೆ ಎಣ್ಣೆಗೆ ಬೆರೆಸಿ, ಕಡಲೆಹಿಟ್ಟಿನ ಜುಣುಕದ ಹದಕ್ಕೆ ಬರುವ ತನಕ ಕಟ್ಟಿಗೆಯ ಹುಟ್ಟಿನಿಂದ ತಿರುಗಿಸುವಳು. ಕಡೆಗೆ ಬೇವಿನ ಎಣ್ಣೆ, ನಿಂಬೆಹುಲ್ಲಿನ ಎಣ್ಣೆ. ಇದಕ್ಕೆ ಅಳತೆ ಇಲ್ಲ, ಮೂಗೇ ಅಳತೆ. ಬಗ್ಗಿ ಒಮ್ಮೆ ಎಳೆದು, ಇನ್ನೆರಡು ಹನಿ ಹಾಕಿ, ಸಾಕು ಅನ್ನುವಳು. ಸಂಕ್ರಾಂತಿಗೆ ಮಾಡಿದ ಸಾಬೂನು ಅಟ್ಟದ ಮೇಲೆ ಹರವಿಕೊಂಡು ಒಣಗಿ, ಅದರ ಉರಿ ಇಳಿದು, ಹೋಳಿ ಹಬ್ಬಕ್ಕೆ ಹಣ್ಣಾಗುತ್ತಿತ್ತು. ಹಣ್ಣಾಗುವುದು ಅಂತಲೇ ಆಕೆಯ ಮಾತು. ಬಣ್ಣವಾಡಿ ಗುರುತೇ ಸಿಗದಂತಾದ ಓಣಿಯ ಹುಡುಗರನ್ನೆಲ್ಲ ಹಿಡಿದು ತಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿ, ಆ ಸಾಬೂನಿನಿಂದ ತಿಕ್ಕಿ ತಿಕ್ಕಿ ಅವರವರ ಅವ್ವಂದಿರಿಗೆ ಒಪ್ಪಿಸುವಳು. ಯಾವುದಕ್ಕೂ ತಾಳದ ಹೆಂಗಸು ಇದೊಂದಕ್ಕೆ ಹೇಗೆ ತಾಳುತ್ತಿದ್ದಳೋ! ದಿನಕ್ಕೆ ಹತ್ತು ಸಲ ಅಟ್ಟ ಹತ್ತಿ ಮೂಸಿ ಬರುತ್ತಿದ್ದಳು, ಆ ಮಾತು ಬೇರೆ.

ಆ ದೊಡ್ಡ ಬ್ಯಾನಿ ಊರೂರು ತಿರುಗಿದ ವರ್ಷ ಅದು ನಮ್ಮ ಓಣಿಯನ್ನೂ ಬಿಡಲಿಲ್ಲ. ಕಾಕಾ ಕಾಕು ಇಬ್ಬರೂ ಒಟ್ಟಿಗೇ ಮಲಗಿದರು. ಕಾಕಾನನ್ನು ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಒಯ್ದರು. ಮರಳಿ ಬರಲಿಲ್ಲ. ಮುಖವನ್ನೂ ಸರಿಯಾಗಿ ತೋರಿಸಲಿಲ್ಲ. ಜ್ವರ ಇಳಿದು ಕಾಕು ಎದ್ದು ಕೂತಾಗ ಎಲ್ಲ ಮುಗಿದಿತ್ತು.

ಎದ್ದ ಮೇಲೂ ಆಕೆ ಬಹಳ ಅಳಲಿಲ್ಲ. ಓಡಾಟ ಮಾತ್ರ ದುಪ್ಪಟ್ಟಾಯಿತು. ಒಳಗೆ, ಹೊರಗೆ, ಹಿತ್ತಿಲಿಗೆ, ಮತ್ತೆ ಒಳಗೆ. ಒಂದು ಮುಂಜಾನೆ ಆಕೆಯ ಮನೆಯಿಂದ ಹಾಲು ಹೊತ್ತಿದ ವಾಸನೆ. ನಡುಗೋಡೆ ದಾಟಿ ಘಮ್ಮೆನ್ನುತ್ತಿದೆ. ಕಾಕುವಿನ ಮನೆಯಲ್ಲಿ ಹಾಲು ಹೊತ್ತುವುದೇ? ಓಡಿದೆ. ಅಡಿಗೆಮನೆ ತುಂಬ ಹೊಗೆ, ಪಾತ್ರೆಯ ತಳ ಕರ್ರಗೆ, ಕಾಕು ಅಲ್ಲೇ ಎರಡು ಮಾರು ದೂರದಲ್ಲಿ ಗೋಡೆಗೆ ಮುಖ ಮಾಡಿ ಬದನೆಕಾಯಿ ಹೆಚ್ಚುತ್ತಿದ್ದಾಳೆ. ನಾನು ಗ್ಯಾಸ್ ಆರಿಸಿದೆ. ಆಕೆ ತಿರುಗಿ ನೋಡಿದಳು, ಹೊಗೆ ಕಂಡಳು, ನನ್ನ ಮುಖ ಕಂಡಳು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಮೂಗು ಹೋಗಿದೆ ಎಂದಳು. ಬ್ಯಾನಿ ಬಂದ ದಿನವೇ ಹೋದದ್ದು, ಮರಳಲಿಲ್ಲ. ಉಂಡರೆ ಮಣ್ಣು ಉಂಡಂತೆ. ಮಗಳಿಗೆ ಹೇಳಬೇಡ ಎಂದು ಕೈ ಹಿಡಿದುಕೊಂಡಳು. ಗ್ಯಾಸ್ ಸೋರಿದರೂ ಗೊತ್ತಾಗದವಳನ್ನು ಮಗಳು ಒಂದು ದಿನವೂ ಇಲ್ಲಿ ಬಿಡುವುದಿಲ್ಲ, ಕಿತ್ತೂರಿಗೆ ಎತ್ತಿಕೊಂಡು ಹೋಗುತ್ತಾಳೆ. ಹಿತ್ತಿಲು ಬಿಟ್ಟು ತಾನು ಅಲ್ಲಿ ಏನು ಮಾಡಬೇಕು?

ಆದರೆ ಆಕೆಯ ಚಿಂತೆ ಹಿತ್ತಿಲಿನದಷ್ಟೇ ಆಗಿರಲಿಲ್ಲ. ಅಂದೇ ನನ್ನನ್ನು ಒಳಕೋಣೆಗೆ ಕರೆದೊಯ್ದು ಕಟ್ಟಿಗೆಯ ಸಂದೂಕು ತೆರೆದಳು. ಅದರಲ್ಲಿ ಕಾಕಾನ ಧೋತರ, ಧೋತರದೊಳಗೆ ಸುತ್ತಿದ ಒಂದು ಬಿಳಿ ಅಂಗಿ. ಆಂಬುಲೆನ್ಸ್ ಬರುವ ಮೊದಲು ಗೂಟಕ್ಕೆ ಬಿಚ್ಚಿ ಹಾಕಿದ್ದು. ಕಾಕು ಅದನ್ನು ಒಗೆದಿರಲಿಲ್ಲ. ಪಕ್ಕದ ಮನೆಯ ಕೂಸಿನ ದುಪಟಿ ಸಹ ಹೊಲಸು ಕಂಡರೆ ಎಳೆದುಕೊಂಡು ಹೋಗಿ ಒಗೆಯುವವಳು, ಇದನ್ನು ಒಗೆದಿರಲಿಲ್ಲ. ಮೂಗು ಬಂದ ದಿನ ಮೊದಲು ಇದನ್ನೇ ಮೂಸಬೇಕು ಎಂದಳು. ಹೋಗುವಾಗ ಮುಖ ನೋಡಲಿಲ್ಲ, ಮಾತಾಡಲಿಲ್ಲ. ಇದೊಂದಾದರೂ ಬೇಕು.

"ಮೂಸಿ ಹೇಳು. ಇನ್ನೂ ಅದಾರೇನ ಇದರಾಗ?"

ಬೇರೆಯವರ ಗಂಡನ ಅಂಗಿ ಮೂಸುವುದೆಂದರೆ! ನನಗೆ ನಾಚಿಕೆಯೂ ಆಯಿತು, ಎಂಥದೋ ಹೆದರಿಕೆಯೂ ಆಯಿತು. ಕಣ್ಣು ಮುಚ್ಚಿ ಮೂಸಿದೆ. ಕಾಕಾ ಇದ್ದರು. ಕಟ್ಟೆಯ ಮೇಲೆ ಕೂತು ನಕ್ಕಂತೆ, ಇದ್ದರು. ಹೌದು ಎಂದು ಗೋಣು ಹಾಕಿದೆ. ಕಾಕು ಲಗುಲಗು ಧೋತರ ಸುತ್ತಿ ಸಂದೂಕು ಮುಚ್ಚಿದಳು, ಹೊತ್ತು ಮಾಡಿದರೆ ಹಾರಿಹೋದಾರು ಅನ್ನುವಂತೆ.

ಅಂದಿನಿಂದ ಅದೇ ಒಂದು ಧಾವತಿ. ಅತ್ತ ಮೂಗು ಬರಬೇಕು, ಅಷ್ಟರೊಳಗೆ ಇತ್ತ ಅಂಗಿಯ ವಾಸನೆ ಹೋಗಬಾರದು. ಕಾಕು ನಸುಕಿನಲ್ಲಿ ಎದ್ದವಳೇ ಹಿತ್ತಿಲಿಗೆ ಹೋಗಿ ಕೊತ್ತಂಬರಿ ಹೊಸಕಿ ಮೂಸುವಳು. ಇಲ್ಲ. ಬೆಳ್ಳುಳ್ಳಿ ಜಜ್ಜುವಳು. ಇಲ್ಲ. ಇಂಗಿನ ಡಬ್ಬಿಯಲ್ಲಿ ಮೂಗು ಹುಗಿದು ಸೀನಿ ಸೀನಿ ಕಣ್ಣಲ್ಲಿ ನೀರು ತಂದುಕೊಳ್ಳುವಳು. ಡಾಕ್ಟರು ತಾನಾಗಿ ಬರುತ್ತದೆ, ತಾಳಿಕೊಳ್ಳಿ ಅಂದಿದ್ದರು. ಯಾರಿಗೆ ಹೇಳಿದರು ನೋಡಿ, ತಾಳಿಕೋ ಅಂತ! ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ನನ್ನನ್ನು ಕರೆದು ಅಂಗಿ ಮೂಸಿಸುವಳು. ಪದೇ ಪದೇ ಬಿಚ್ಚಿದರೆ ವಾಸನೆ ತೀರುತ್ತದೆ ಎಂಬ ಭಯ, ಬಿಚ್ಚದಿದ್ದರೆ ಇದೆಯೋ ಇಲ್ಲವೋ ಎಂಬ ಭಯ. ನನಗೂ ಅದು ಹತ್ತಿಕೊಂಡಿತು. ಕೈಯಲ್ಲಿ ಕೆಲಸವಿದ್ದರೂ ಕಿವಿ ನಡುಗೋಡೆಯ ಕಡೆಗೇ. ದೀಪಾವಳಿಯ ಹೊತ್ತಿಗೆ ಅಂಗಿಯ ವಾಸನೆ ಸ್ವಲ್ಪ ತೆಳುವಾಗಿತ್ತು, ಆದರೆ ಕಾಲರಿನ ಹತ್ತಿರ ಹಾಗೇ ಇತ್ತು. ಹಾಗೆಂದೇ ಹೇಳಿದೆ.

ಆ ಸಂಕ್ರಾಂತಿಗೆ ನಾನು ಸುರೇಬಾನಕ್ಕೆ ಹೋದೆ. ಅಪ್ಪನಿಗೆ ಹುಷಾರಿರಲಿಲ್ಲ, ಅಲ್ಲೇ ಕೆಲವು ವಾರ ನಿಲ್ಲಬೇಕಾಯಿತು. ನಾನು ಬರುವ ತನಕ ಸಾಬೂನು ಮಾಡುವುದು ಬೇಡ, ಮೂಗಿನ ಕೆಲಸ ನಾನು ಮಾಡುತ್ತೇನೆ ಎಂದು ಹೇಳಿಯೇ ಹೋಗಿದ್ದೆ. ಕಾಕು ಕೇಳುತ್ತಾಳೆಯೇ? ಸಂಕ್ರಾಂತಿ ತಪ್ಪಿದರೆ ಹೋಳಿಗೆ ಹಣ್ಣಾಗುವುದಿಲ್ಲ, ಹುಡುಗರು ಬಣ್ಣ ಬಳಿದುಕೊಂಡು ಸಾಲಿಗೆ ಹೋಗಬೇಕೇನು ಎಂದು ಒಬ್ಬಳೇ ಮಾಡಿದ್ದಳು. ಬೇವಿನ ಎಣ್ಣೆ, ನಿಂಬೆಹುಲ್ಲಿನ ಎಣ್ಣೆ ಎರಡನ್ನೂ ಅಂದಾಜಿನ ಮೇಲೆ ಸುರಿದಿದ್ದಳು. ನಾನು ಊರಿಂದ ಬಂದು ಬಸ್ಸಿಳಿದು ಓಣಿಯ ತಿರುವಿಗೆ ಬರುವಷ್ಟರಲ್ಲೇ ಆ ಸಾಬೂನು ನನ್ನ ಮೂಗಿಗೆ ಬಡಿಯಿತು. ನಗೆ ಬಂತು. ಈ ಸಲ ಹುಡುಗರ ಬಣ್ಣದ ಜೊತೆ ಚರ್ಮವೂ ಹೋಗುತ್ತದೆ ಎಂದು ಹಾಸ್ಯ ಮಾಡುತ್ತಲೇ ಆಕೆಯ ಮನೆಗೆ ಹೋದೆ.

ಕಾಕು ನಗಲಿಲ್ಲ. ಅಂಗಿ ನೋಡಿ ಬಹಳ ದಿನವಾಯಿತು, ಮೊದಲು ಅದನ್ನು ಮೂಸು ಎಂದಳು. ಒಳಕೋಣೆಗೆ ಹೋಗಲಿಲ್ಲ, ಅಟ್ಟಕ್ಕೆ ಏಣಿ ಇಟ್ಟಳು. ಸಂದೂಕಿನ ತಳಕ್ಕೆ ಗೆದ್ದಲು ಹತ್ತಿತ್ತಂತೆ. ಅಂಗಿಗೂ ಹತ್ತೀತೆಂದು ಗಾಬರಿಯಾಗಿ, ಧೋತರದ ಸಮೇತ ಒಯ್ದು ಅಟ್ಟದ ಮೇಲೆ ಸಾಬೂನುಗಳ ನಡುವೆ ಇಟ್ಟಿದ್ದಳು. ಸಾಬೂನಿದ್ದಲ್ಲಿ ಹುಳ ಸುಳಿಯುವುದಿಲ್ಲವಲ್ಲ. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಆಕೆಗೆ ತೋಚಿರಲಿಲ್ಲ.

ಅಂಗಿ ಕೈಗೆ ಬರುವ ಮೊದಲೇ ನನಗೆ ತಿಳಿಯಿತು. ಆದರೂ ಮೂಸಿದೆ. ಎದೆಯ ಮೇಲೆ, ತೋಳಲ್ಲಿ, ಕಾಲರಿನಲ್ಲಿ. ಬೇವು, ನಿಂಬೆಹುಲ್ಲು, ಹೊಂಗೆ. ಕಾಕು ಏಣಿ ಹಿಡಿದುಕೊಂಡೇ ನನ್ನ ಮುಖ ನೋಡುತ್ತಿದ್ದಳು. ಹೌದು ಅನ್ನಲು ನಾಲಿಗೆಯ ತುದಿಗೆ ಬಂದಿತ್ತು. ಒಂದು ಮಾತು, ಮುದುಕಿ ಸಮಾಧಾನವಾಗಿರುತ್ತಾಳೆ. ಆದರೆ ನಾಳೆ ಮೂಗು ಬಂದರೆ? ಓಡಿ ಬಂದು ಅಂಗಿ ಬಿಚ್ಚಿ ಒಬ್ಬಳೇ ನಿಂತರೆ?

"ಇಲ್ಲರಿ ಕಾಕು," ಎಂದೆ. "ಕಾಕಾ ಇಲ್ಲರಿ ಇದರಾಗ. ಬರೇ ಸಾಬಾನ ಐತಿ."

ಆಕೆ ಅಂಗಿಯನ್ನು ಕಸಿದುಕೊಂಡು ಮುಖಕ್ಕೆ ಒತ್ತಿದಳು. ಆ ದೊಡ್ಡ ಮೂಗಿನಿಂದ ಎಳೆದಳು, ಮತ್ತೆ ಎಳೆದಳು. ಏನು ಬಂದೀತು! ಆಮೇಲೆ ಅಲ್ಲೇ ನೆಲದ ಮೇಲೆ ಎರಡೂ ಕಾಲು ಚಾಚಿ ಕೂತಳು. ಆಕೆ ಹಾಗೆ ಕೂತದ್ದನ್ನು ನಾನು ಅಂದೇ ನೋಡಿದ್ದು.

"ನನ್ನ ಕೈಯಾರ ತೊಳದ್ನಲ್ಲವ್ವಾ ಅವರನ್ನ," ಎಂದಳು. "ನೀರ ಸೋಕಸಲಾರದ ತೊಳದೆ."

ನಾನು ಪಕ್ಕದಲ್ಲಿ ಕೂತು ಅತ್ತೆ. ನನ್ನ ಸಂಬಂಧಿಕನಲ್ಲದ ಮನುಷ್ಯನಿಗಾಗಿ, ಒಂದು ಅಂಗಿಗಾಗಿ, ಬಾಯಿ ಬಿಟ್ಟು ಅತ್ತೆ. ಕಾಕು ಅಳಲಿಲ್ಲ, ನನ್ನ ಬೆನ್ನ ಮೇಲೆ ಕೈಯಾಡಿಸುತ್ತಿದ್ದಳು.

ಹೋಳಿಯ ದಿನ ಎಂದಿನಂತೆ ಹುಡುಗರನ್ನು ಕಲ್ಲಿನ ಮೇಲೆ ನಿಲ್ಲಿಸಿ ತಿಕ್ಕಿದಳು. ಅವು ವಾಸನೆಗೆ ಮೂಗು ಮುಚ್ಚಿಕೊಂಡು ಕಿರುಚಿದವು. ಎಲ್ಲರೂ ಹೋದ ಮೇಲೆ ಅಂಗಿಯನ್ನು ತಂದು, ಅದೇ ಕಲ್ಲಿನ ಮೇಲೆ ಹಾಸಿ, ಕಾಲರಿಗೆ ಎರಡು ಸಲ ಸಾಬೂನು ಹಚ್ಚಿ ಒಗೆದಳು. ಬಿಸಿಲಿಗೆ ಅದು ಬೇಗ ಒಣಗಿತು. ಮಡಚಿ ಕಾಕಾನ ಉಳಿದ ಅಂಗಿಗಳ ಜೊತೆ ಇಟ್ಟಳು.

ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ, ಕಾಲಿಗೆ ಚಪ್ಪಲಿಯೂ ಇಲ್ಲದೆ, ಕಾದ ನೆಲದ ಮೇಲೆ ಓಡಿಬಂದಳು. ಕೈಯಲ್ಲಿ ಒಂದು ಹಿಡಿ ಸಬ್ಬಸಿಗೆ. ಬಂತು, ವಾಸನೆ ಬಂತು ಎಂದು ತೊದಲುತ್ತಿದ್ದಳು. ನಮ್ಮ ಮನೆಯೊಳಗೆ ನುಗ್ಗಿ ಜೀರಿಗೆ, ಹುಣಸೆ, ಫಿನಾಯಿಲ್ ಬಾಟಲಿ, ನನ್ನ ತಲೆಗೂದಲು, ಕಂಡದ್ದನ್ನೆಲ್ಲ ಮೂಸಿದಳು. ಇಬ್ಬರೂ ಹುಚ್ಚು ಹಿಡಿದವರಂತೆ ನಕ್ಕೆವು. ನಗು ನಿಂತ ಮೇಲೆ ಆಕೆಯ ಮುಖ ಇಳಿಯಿತು.

"ಈ ಮೂಗಿಗೆ ಮೊದಲ ಬರಾಕ ಏನ ಧಾಡಿ ಆಗಿತ್ತು," ಎಂದಳು. ಕೈಯಲ್ಲಿದ್ದ ಸಬ್ಬಸಿಗೆಯನ್ನು ಕೆಳಗಿಟ್ಟು, "ನೀ ಕಡೀಕ ಮೂಸಿದಾಕಿ. ಹೇಳು ನನಗ. ಹೆಂಗಿದ್ರು?"

ವಾಸನೆಯನ್ನು ಹೇಳುವುದು ಹೇಗೆ? ಬೆವರು ಎಂದೆ. ಬೆವರು ಎಲ್ಲರಿಗೂ ಇರುತ್ತದೆ ಎಂದಳು. ಯಂತ್ರದ ಗ್ರೀಸು ಎಂದೆ, ಹ್ಞೂಂ ಎಂದಳು. ವಿಭೂತಿ, ಹ್ಞೂಂ. ಗಿರಣಿಯ ಹತ್ತಿಕಾಳು ಬಿಸಿಲಿಗೆ ಕಾದಾಗ ಬರುವ ಎಣ್ಣೆಯಂಥ ವಾಸನೆ, ಹ್ಞೂಂ. ಏಲಕ್ಕಿಯಂಥದೂ ಏನೋ ಇತ್ತು ಎಂದೆ. ಏಲಕ್ಕಿಯಲ್ಲ, ಲವಂಗ ಎಂದು ತಿದ್ದಿದಳು. ಹಲ್ಲುನೋವಿಗೆಂದು ಜೇಬಿನಲ್ಲಿ ಇಟ್ಟುಕೊಂಡವರು, ಹಲ್ಲು ಕೀಳಿಸಿದ ಮೇಲೂ ಬಿಡಲಿಲ್ಲವಂತೆ. ಅಂದಿನಿಂದ ಕಳೆ ಕೀಳುವಾಗ, ಸಾಬೂನು ಕೊಯ್ಯುವಾಗ, ಎಲ್ಲಾದರೂ ಫಕ್ಕನೆ ಹೇಳು ಅನ್ನುವಳು. ನಾನು ಹೇಳುವೆ. ಮೊದಲು ಗ್ರೀಸು, ಆಮೇಲೆ ಹತ್ತಿಕಾಳು, ಕಡೆಗೆ ಲವಂಗ. ಹಿಂದುಮುಂದಾದರೆ ಬೈಯುವಳು. ಆ ವರ್ಷದಿಂದ ಸಾಬೂನನ್ನು ನಮ್ಮ ಅಡಿಗೆಮನೆಯಲ್ಲೂ ಮಾಡತೊಡಗಿದೆವು, ಅರ್ಧ ಆಕೆಯ ಅಟ್ಟಕ್ಕೆ, ಅರ್ಧ ನನ್ನ ಅಟ್ಟಕ್ಕೆ.

ಹೋದ ವರ್ಷ ಬೇಸಗೆಯ ಕೊನೆಗೆ ಕಾಕುವಿಗೆ ಎದೆನೋವು ಬಂದು ಮಗಳು ಕಿತ್ತೂರಿಗೆ ಕರೆದೊಯ್ದಳು. ನಾನು ಬಸ್ಸು ಹಿಡಿದು ನೋಡಲು ಹೋದಾಗ ಮಾತು ಸಣ್ಣಗಾಗಿತ್ತು. ಮಂಚದ ಮೇಲೂ ಕಾಲಿನ ಬೆರಳುಗಳು ಆಡುತ್ತಲೇ ಇದ್ದವು. ನನ್ನನ್ನು ಕಂಡು, "ಹೇಳು," ಎಂದಳು. ಮಗಳ ಎದುರಿಗೇ ಬಗ್ಗಿ ಕಿವಿಯಲ್ಲಿ ಹೇಳಿದೆ. ಬೆರಳುಗಳ ಆಟ ಸ್ವಲ್ಪ ಹೊತ್ತು ನಿಂತಿತು. ಎರಡು ದಿನಕ್ಕೆ ಸುದ್ದಿ ಬಂತು. ಕಾಕಾನ ಪಕ್ಕದಲ್ಲೇ ಮಣ್ಣು ಮಾಡಬೇಕೆಂದರೆ, ಆ ವರ್ಷ ಕಾಕಾನನ್ನು ಎಲ್ಲಿ ಇಟ್ಟರೋ ನಮಗೆ ಗೊತ್ತಿರಲಿಲ್ಲ. ಇಲ್ಲಿಗೇ ತಂದು, ನಮ್ಮೂರ ರುದ್ರಭೂಮಿಯಲ್ಲಿ ಒಬ್ಬಳನ್ನೇ ಇಟ್ಟು ಬಂದೆವು.

ಈ ಯುಗಾದಿಯ ಮುಂದೆ ಮಗಳು ಮನೆ ಸ್ವಚ್ಛ ಮಾಡಿ ಬಾಡಿಗೆಗೆ ಕೊಡಲೆಂದು ಬಂದಳು. ಬೀಗ ಬಿದ್ದು ತಿಂಗಳುಗಟ್ಟಲೆ ಆದ ಮನೆ, ಬರೀ ಧೂಳು. ಮಧ್ಯಾಹ್ನ ನೀರು ಕೇಳಲು ನಮ್ಮ ಮನೆಗೆ ಬಂದಳು. ನಾನು ಹಿತ್ತಿಲಿಂದ ಮೆಂತ್ಯ ಕಿತ್ತು ತಂದು ಸೋಸುತ್ತಿದ್ದೆ. ಅಟ್ಟದ ಮೇಲೆ ಈ ಸಲದ ಸಾಬೂನು ಇತ್ತು. ಹೊಸ್ತಿಲಲ್ಲಿ ಒಂದು ಕಾಲು ಒಳಗಿಟ್ಟವಳು ಹಾಗೇ ನಿಂತಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ವೈನಿ," ಎಂದಳು, "ಅವ್ವನ ವಾಸನಿ ಬರಾಕತ್ತೈತ್ರಿ ಇಲ್ಲೆ."

ಅಲ್ಲೇ ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗೆ ಇಟ್ಟುಕೊಂಡು ಅಳತೊಡಗಿದಳು. ನನಗೆ ಕೂಡಲು ಆಗಲಿಲ್ಲ. ಎದ್ದೆ. ಕೈ ಮೂಸಿಕೊಂಡೆ, ಸೆರಗು ಮೂಸಿಕೊಂಡೆ, ಅಡಿಗೆಮನೆಗೆ ಹೋಗಿ ಬಾಗಿಲ ಹಿಂದಿನ ಟವೆಲು, ಗೋಡೆ, ಮೆಂತ್ಯದ ಬುಟ್ಟಿ, ಒಂದೊಂದಾಗಿ ಮೂಸಿದೆ. ಅಟ್ಟ ಹತ್ತಿ ಸಾಬೂನಿನ ನಡುವೆ ಮುಖ ಇಟ್ಟು ಎಳೆದೆ. ಇಳಿದು ಮತ್ತೆ ಹೊರಗೆ ಹೋಗಿ, ಆಕೆಯಂತೆಯೇ ಹೊರಗಿನವಳಾಗಿ ಒಳಗೆ ಬಂದು ನೋಡಿದೆ. ಅದು ನಮ್ಮ ಮನೆಯ ವಾಸನೆ. ದಿನಾ ಅದರಲ್ಲೇ ಇರುವ ನನಗೆ ಏನೂ ಬರಲಿಲ್ಲ.